ಐಫೆಲ್ ಟವರ್ ಜೋಡಿಸುವ ಮಕ್ಕಳಿಗೆ ಕೋಟೇಶ್ವರದ ತೇರು ಯಾಕೆ ಸಿಗುವುದಿಲ್ಲ?

ಐಫೆಲ್ ಟವರ್ ಈಗ ಕುಂಭಾಶಿಗೂ ಬಂದಿದೆ. ತಾಜ್ ಮಹಲ್ ಅದಕ್ಕಿಂತ ಮೊದಲೇ ಬಂದಿತ್ತು. ಆನ್‌ಲೈನಿನಲ್ಲಿ ಆರ್ಡರ್ ಮಾಡಿದರೆ ನಾಲ್ಕೈದು ದಿನದಲ್ಲಿ ಒಂದು ಚಪ್ಪಟೆ ಪೆಟ್ಟಿಗೆ ಮನೆಗೆ ಬರುತ್ತದೆ. ಒಳಗೆ ತೆಳು ಪ್ಲೈವುಡ್ಡಿನ ಹಾಳೆಗಳು. ಅದರಲ್ಲಿ ಲೇಸರಿನಿಂದ ಕತ್ತರಿಸಿದ ಚೂರುಗಳು, ಪ್ರತಿ ಚೂರಿಗೂ ಒಂದು ನಂಬರ್. ಬಿಡಿಸಿ, ಒಂದರ ಹಲ್ಲನ್ನು ಇನ್ನೊಂದರ ಸೀಳಿಗೆ ಸಿಕ್ಕಿಸುತ್ತ ಹೋದರೆ ಸಂಜೆಯೊಳಗೆ ಟಿವಿ ಪಕ್ಕದಲ್ಲಿ ಪ್ಯಾರಿಸ್ ನಿಲ್ಲುತ್ತದೆ. ಹುಟ್ಟುಹಬ್ಬಕ್ಕೆ, ಶಾಲಾ ಬಹುಮಾನಕ್ಕೆ, ದುಬೈಯಿಂದ ಬಂದ ಚಿಕ್ಕಪ್ಪನ ಉಡುಗೊರೆಗೆ ಇದು ಹೊಸ ರೂಢಿ.

ಇದು ಒಳ್ಳೆಯ ರೂಢಿ ಎಂದೇ ನಾನು ಹೇಳುತ್ತೇನೆ. ಮಕ್ಕಳು ಎರಡು ಗಂಟೆ ಮೊಬೈಲ್ ಬಿಟ್ಟು ಕೂರುತ್ತಾರೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಒಂದು ಕಟ್ಟಡ ಹೇಗೆ ನಿಲ್ಲುತ್ತದೆ ಎಂಬ ಪ್ರಶ್ನೆ ಮೊದಲ ಸಲ ಅವರ ಕೈಗೆ ಬರುತ್ತದೆ. ನನ್ನ ತಕರಾರು ಒಂದೇ. ಮರವನ್ನು ಮರಕ್ಕೆ ಜೋಡಿಸಿ ಕಟ್ಟಿದ, ಇಡೀ ಕರಾವಳಿ ಕೈಮುಗಿಯುವ ಒಂದು ದೊಡ್ಡ ರಚನೆ ನಮ್ಮ ಊರಿನ ಪಕ್ಕದಲ್ಲೇ ತಯಾರಾಗುತ್ತದೆ. ಅದು ತೇರು. ಅದರ ಪಜಲ್ ಮಾತ್ರ ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ. ಇದನ್ನು ನಾವೇ ಮಾಡಿಕೊಳ್ಳಬೇಕು, ಮಾಡಿಕೊಳ್ಳಲು ಸಾಧ್ಯವಿದೆ ಎಂಬುದು ಈ ಬರಹದ ಮಾತು.

ಯಾವ ಪಜಲ್ ನಿಜ, ಯಾವುದು ಬರೀ ಚಿತ್ರ

ಎಲ್ಲ ಸ್ಮಾರಕಗಳೂ ಮರದ ಚೂರಿಗೆ ಒಗ್ಗುವುದಿಲ್ಲ. ತಾಜ್ ಮಹಲನ್ನೇ ನೋಡಿ. ಅದು ಇಟ್ಟಿಗೆ ಕಟ್ಟಡಕ್ಕೆ ಅಮೃತಶಿಲೆ ಹೊದಿಸಿದ್ದು. ಅದರ ಗುಮ್ಮಟ ನಿಂತಿರುವುದು ಭಾರವನ್ನು ಸುತ್ತಲಿನ ದಪ್ಪ ಗೋಡೆಗೆ ಇಳಿಸುವ ಉಪಾಯದಿಂದ. ಪಜಲಿನಲ್ಲಿ ಆ ಉಪಾಯ ಇಲ್ಲ. ಉರುಟು ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿದರೆ ಗುಮ್ಮಟದ ಆಕಾರ ಬರುತ್ತದೆ, ಅಷ್ಟೇ. ಮಗು ಕಲಿತದ್ದು ತಾಜ್ ಮಹಲ್ ಹೇಗೆ ಕಾಣುತ್ತದೆ ಎಂಬುದನ್ನು. ಅದು ಫೋಟೊದಲ್ಲೂ ಗೊತ್ತಾಗುತ್ತಿತ್ತು.

ಐಫೆಲ್ ಟವರ್ ಹಾಗಲ್ಲ. ಅದು ಹುಟ್ಟಿದ್ದೇ ಪಜಲ್ ಆಗಿ. 1887ರಲ್ಲಿ ಕೆಲಸ ಶುರುವಾಗಿ 1889ರಲ್ಲಿ ಮುಗಿದ ಆ ಗೋಪುರದಲ್ಲಿ 18,038 ಕಬ್ಬಿಣದ ಭಾಗಗಳಿವೆ. ಅವುಗಳನ್ನು ಹಿಡಿದಿಟ್ಟಿರುವುದು 25 ಲಕ್ಷ ರಿವೆಟ್. ಭಾಗಗಳನ್ನೆಲ್ಲ ಪ್ಯಾರಿಸ್ ಹತ್ತಿರದ ಕಾರ್ಖಾನೆಯಲ್ಲಿ ಮೊದಲೇ ಅಳತೆ ಮಾಡಿ, ತೂತು ಕೊರೆದು ತಂದರು. ಸ್ಥಳದಲ್ಲಿ ನಡೆದದ್ದು ಜೋಡಣೆ ಮಾತ್ರ. ಒಂದು ಭಾಗ ಸರಿಯಾಗಿ ಕೂರದಿದ್ದರೆ ಅಲ್ಲೇ ಬಡಿದು ಕೂರಿಸುತ್ತಿರಲಿಲ್ಲ, ಕಾರ್ಖಾನೆಗೆ ವಾಪಸ್ ಕಳಿಸುತ್ತಿದ್ದರು. ಹಾಗಾಗಿ ಐಫೆಲ್ ಪಜಲ್ ಜೋಡಿಸುವ ಹುಡುಗಿ ನಿಜವಾದ ಟವರಿನ ಕೆಲಸಗಾರರು ಮಾಡಿದ್ದನ್ನೇ ಚಿಕ್ಕದಾಗಿ ಮಾಡುತ್ತಾಳೆ. ಆ ಪಜಲ್ ಸುಳ್ಳು ಹೇಳುವುದಿಲ್ಲ.

ಈಗ ನಿಮ್ಮ ಜೇಬಿನಿಂದ 50 ರೂಪಾಯಿಯ ನೋಟು ತೆಗೆಯಿರಿ. 2017ರಿಂದ ಬಂದ ಆ ನೀಲಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥ ಇದೆ. ವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ ಅದು ನಿಜಕ್ಕೂ ರಥವಲ್ಲ, ಗರುಡನ ಗುಡಿ. ಆದರೆ ಕಟ್ಟಿದ ಶಿಲ್ಪಿಗಳು ಅದಕ್ಕೆ ಮರದ ತೇರಿನ ರೂಪ ಕೊಟ್ಟರು. ಗಾಲಿ, ಅಚ್ಚು, ಹಂತ ಹಂತವಾದ ತಳ, ಮೇಲೆ ಮಂಟಪ. ನೋಡಿದರೆ ಒಂದೇ ಬಂಡೆ ಕೊರೆದಂತೆ ಕಾಣುತ್ತದೆ, ಆದರೆ ಅದೂ ಹಲವು ಕಲ್ಲುಗಳ ಜೋಡಣೆ. ಸಂದುಗಳು ಕೆತ್ತನೆಯ ಗೆರೆಗಳಲ್ಲಿ ಅಡಗಿವೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ತೆಗೆದ ಫೋಟೊದಲ್ಲಿ ಅದರ ಮೇಲೆ ಇಟ್ಟಿಗೆಯ ಗೋಪುರವೂ ಇದೆ. ಈಗ ಅದಿಲ್ಲ. ಮುಂದೆ ನಿಂತಿರುವ ಆನೆಗಳೂ ಮೊದಲಿನವಲ್ಲ. ಅಲ್ಲಿ ಕುದುರೆಗಳಿದ್ದವು ಎಂಬುದಕ್ಕೆ ಅವುಗಳ ಹಿಂಗಾಲಿನ ಗುರುತು ಇನ್ನೂ ಉಳಿದಿದೆ.

ಯೋಚಿಸಿ ನೋಡಿ. ದೇಶ ತನ್ನ ನೋಟಿನ ಮೇಲೆ ಅಚ್ಚು ಹಾಕಿದ್ದು ಒಂದು ನಕಲನ್ನು. ಕಲ್ಲಿನಲ್ಲಿ ಮಾಡಿದ ಮರದ ತೇರಿನ ನಕಲು. ಅಸಲಿನ ವಿದ್ಯೆ ಇನ್ನೂ ಜೀವಂತವಾಗಿರುವ ಜಾಗಗಳಲ್ಲಿ ನಮ್ಮ ಕೋಟೇಶ್ವರ ಒಂದು. ಆನೆಗುಡ್ಡೆಯಿಂದ ಹೊರಟು ಗೋಪಾಡಿ, ಬೀಜಾಡಿ ದಾಟಿದರೆ ಸಿಗುವ ಊರು.

ಕೋಟೇಶ್ವರದಿಂದ ಕುಕ್ಕೆಗೆ

2019ರಲ್ಲಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊಸ ಬ್ರಹ್ಮರಥ ಹೋಯಿತಲ್ಲ, ಅದು ತಯಾರಾದದ್ದು ಕೋಟೇಶ್ವರದಲ್ಲಿ. ದೊಡ್ಡ ಲಾರಿಯ ಮೇಲೆ ಏರಿ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟಾಗ ದಾರಿಯುದ್ದಕ್ಕೂ ಜನ ಆರತಿ ಹಿಡಿದು ನಿಂತಿದ್ದರು. ನಿಮ್ಮಲ್ಲಿ ಹಲವರು ಆ ವಿಡಿಯೊ ಸ್ಟೇಟಸ್ಸಿಗೆ ಹಾಕಿದ್ದಿರಿ.

ಹೊಸ ತೇರಿನ ಸುದ್ದಿ ಸಾಮಾನ್ಯವಾಗಿ ಹೇಗೆ ಬರುತ್ತದೆ, ಗಮನಿಸಿ. ಎಷ್ಟು ಕೋಟಿ, ಕೊಟ್ಟವರು ಯಾರು, ಎಷ್ಟು ಅಡಿ ಎತ್ತರ, ಯಾವ ಸ್ವಾಮೀಜಿ ಬಂದರು. ಕಟ್ಟಿದವರ ಹೆಸರು ಕೊನೆಯ ಸಾಲಿನಲ್ಲಿ, ಜಾಗ ಉಳಿದರೆ. ಅಷ್ಟು ಟನ್ ಮರ ಸಾವಿರಾರು ಜನ ಎಳೆದಾಗ ಕುಲುಕುತ್ತ, ವಾಲುತ್ತ ಹೋದರೂ ಯಾಕೆ ಬಿಚ್ಚಿಕೊಳ್ಳುವುದಿಲ್ಲ? ಈ ಪ್ರಶ್ನೆಗೆ ಉತ್ತರ ಯಾವ ವರದಿಯಲ್ಲೂ ಸಿಗುವುದಿಲ್ಲ. ಉತ್ತರ ಇರುವುದು ಸಂದಿನಲ್ಲಿ.

ತೇರಿಗೆ ಎಲ್ಲ ಮರ ಆಗುವುದಿಲ್ಲ. ಗಾಲಿ, ಅಚ್ಚಿನಂಥ ಭಾರ ಹೊರುವ ಕಡೆಗೆ ಬೋಗಿಯಂಥ ಗಟ್ಟಿ ಮರ ಬೇಕು. ಕೆತ್ತನೆಗೆ ಸಾಗುವಾನಿಯಂಥದ್ದು ಬೇಕು. ಕಡಿದ ಮರವನ್ನು ಹಾಗೆಯೇ ಬಳಸುವಂತಿಲ್ಲ, ಒಣಗಿ ಹದಕ್ಕೆ ಬರಲು ಕಾಯಬೇಕು. ಮೊದಲು ಅಚ್ಚು ಮತ್ತು ಗಾಲಿ. ಅದರ ಮೇಲೆ ದಪ್ಪ ತೊಲೆಗಳ ಚೌಕಟ್ಟು. ಅದರ ಮೇಲೆ ಏರುತ್ತ ಹೋದಂತೆ ಹೊರಗೆ ಚಾಚಿಕೊಳ್ಳುವ ಕೆತ್ತನೆಯ ಹಂತಗಳು. ಆಮೇಲೆ ದೇವರು ಕೂರುವ ಜಾಗ. ಅದರ ಮೇಲೆ ಪತಾಕೆಗಳ ದೊಡ್ಡ ಗೋಳ, ತುದಿಗೆ ಕಲಶ. ಕುಕ್ಕೆಯಲ್ಲಿ ಆ ಮೇಲಿನ ಭಾಗವನ್ನು ವರ್ಷವರ್ಷ ಕಾಡಿನಿಂದ ಬೆತ್ತ ತಂದು ಕಟ್ಟುವವರು ಮಲೆಕುಡಿಯ ಜನ. ಮರದ ವಿದ್ಯೆ ಒಬ್ಬರದು, ಬೆತ್ತದ ವಿದ್ಯೆ ಇನ್ನೊಬ್ಬರದು. ಎರಡೂ ಸೇರಿದರೆ ಒಂದು ತೇರು.

ತೊಲೆಗೆ ತೊಲೆ ಸೇರುವ ಕಡೆ ಒಂದರ ತುದಿಯಲ್ಲಿ ನಾಲಿಗೆಯಂತೆ ಕೊರೆಯುತ್ತಾರೆ, ಇನ್ನೊಂದರಲ್ಲಿ ಅದೇ ಅಳತೆಯ ತೂತು. ಒಳಗೆ ಕೂರಿಸಿ ಬೆಣೆ ಹೊಡೆಯುತ್ತಾರೆ. ಇಂದು ಕಬ್ಬಿಣದ ಪಟ್ಟಿ, ಬೋಲ್ಟು ಕೂಡ ಬಳಸುವುದುಂಟು. ಆದರೂ ಮೂಲ ಲೆಕ್ಕ ಮರದ್ದೇ. ಯಾಕೆಂದರೆ ನಮ್ಮ ಕಡಲತೀರದ ಉಪ್ಪುಗಾಳಿಗೆ ಮೊಳೆ ತುಕ್ಕು ಹಿಡಿಯುತ್ತದೆ. ಮರ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿದಾಗ ಮೊಳೆಯ ತೂತು ಸಡಿಲವಾಗುತ್ತದೆ. ಬೆಣೆ ಸಡಿಲವಾದರೆ ಇನ್ನೊಂದು ಏಟು ಹೊಡೆದು ಬಿಗಿ ಮಾಡಬಹುದು. ಕೆಟ್ಟ ಭಾಗವನ್ನು ಮಾತ್ರ ಬಿಚ್ಚಿ ಬೇರೆ ಕೂರಿಸಬಹುದು. ಸಂದಿನಲ್ಲಿ ಚೂರು ಅಲುಗಾಟಕ್ಕೆ ಅವಕಾಶ ಇರುವುದರಿಂದಲೇ ತೇರು ಮುರಿಯದೆ ಕುಲುಕುತ್ತದೆ.

ಇದು ಇಂಜಿನಿಯರಿಂಗ್. ನಾವು ಇದಕ್ಕೆ ಭಕ್ತಿ ಎಂದು ಮಾತ್ರ ಹೆಸರಿಟ್ಟು ಸುಮ್ಮನಾಗಿದ್ದೇವೆ.

ಮಳೆಗಾಲದ ಪಾಠ

ಪಜಲಿನ ಪೆಟ್ಟಿಗೆಯಲ್ಲಿ ಈ ಪಾಠ ಇದೆಯೇ? ಹೋದ ಆಟಿಯಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಒಂದು ಪರೀಕ್ಷೆಯೇ ನಡೆಯಿತು. ಅಕ್ಕನ ಮಗ ಏಳನೇ ಕ್ಲಾಸು. ಅವನಿಗೆ ಬಂದದ್ದು ಐಫೆಲ್ ಟವರ್. ಜಡಿಮಳೆ. ಪೆಟ್ಟಿಗೆ ಒಡೆದು ಎರಡು ದಿನ ಹಾಗೇ ಇಟ್ಟಿದ್ದ. ಮೂರನೇ ದಿನ ಕೂತರೆ ಒಂದು ಹಲ್ಲೂ ಸೀಳಿನೊಳಗೆ ಇಳಿಯಲಿಲ್ಲ. ಒತ್ತಿದ, ಒಂದು ಕಾಲು ಲಟಕ್ಕೆಂದಿತು. ಪಕ್ಕದ ಮನೆಯ ಆಚಾರ್ರು ಅಡಕೆ ಕೇಳಲು ಬಂದವರು ನಿಂತು ನೋಡಿದರು. ಎಪ್ಪತ್ತು ದಾಟಿದವರು, ಬಾಗಿಲು, ಪಕ್ಕಾಸು, ತೊಟ್ಟಿಲು ಮಾಡಿಕೊಂಡು ಬದುಕಿದವರು.

"ಮಳಿಗಾಲ್ದಗೆ ಮರ ಉಬ್ಬತ್ತ್ ಮಗಾ. ನೀ ಎಷ್ಟ್ ಒತ್ರೂ ಹೋತಿಲ್ಲ, ಮುರಿತ್ತ್. ಮರಕ್ಕೆ ಉಸ್ರಾಡುಕೆ ಜಾಗ ಬಿಡ್ಕ್" ಅಂದರು.

ಹಾಳೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಂದು ರಾತ್ರಿ ಇಡಲು ಹೇಳಿದರು. ಮರುದಿನ ಪ್ರತಿ ಹಲ್ಲಿನ ಅಂಚನ್ನು ಮರಳುಕಾಗದದಲ್ಲಿ ಒಂದೆರಡು ಸಲ ಉಜ್ಜಿ, ಮೇಲೆ ಮೇಣದಬತ್ತಿ ಸವರಲು ಹೇಳಿಕೊಟ್ಟರು. ಚೂರುಗಳು ಬೆಣ್ಣೆಯಲ್ಲಿ ಇಳಿದಂತೆ ಇಳಿದವು. ಎಲ್ಲ ಮುಗಿದ ಮೇಲೆ ಆಚಾರ್ರು ಟವರನ್ನು ಕೈಯಲ್ಲಿ ಹಿಡಿದು ಅಲುಗಿಸಿ, "ಇದ್ರಗೆ ಬೆಣಿ ಎಲ್ಲಿತ್ತ್?" ಎಂದು ಕೇಳಿದರು. ಹುಡುಗನಿಗೆ ಬೆಣೆ ಎಂದರೆ ಏನೆಂದೇ ಗೊತ್ತಿರಲಿಲ್ಲ. ಅವರು ಒಂದು ಬಿದಿರಿನ ಚೂರು ಸೀಳಿ, ಸಡಿಲವಾಗಿದ್ದ ಕಾಲಿಗೆ ಒಂದು ಬೆಣೆ ಕೊಟ್ಟರು.

ಆ ಪೆಟ್ಟಿಗೆಯ ಕಾಗದದಲ್ಲಿ ಮಳೆಗಾಲದ ಬಗ್ಗೆ ಒಂದು ಸಾಲೂ ಇರಲಿಲ್ಲ. ಎಲ್ಲೋ ಒಣಹವೆಯ ಊರಿನಲ್ಲಿ, ಬೇರೆ ಮಕ್ಕಳನ್ನು ನೆನೆದು ಮಾಡಿದ್ದು ಅದು. ಅದರಲ್ಲಿ ಇಲ್ಲದ ಪಾಠ ಪಕ್ಕದ ಮನೆಯಲ್ಲಿತ್ತು. ಆ ಮನೆಯ ವಿದ್ಯೆಗೆ ಪೆಟ್ಟಿಗೆಯೂ ಇಲ್ಲ, ಬೆಲೆಯೂ ಇಲ್ಲ. ಆಚಾರ್ರ ಮಗ ಬೆಂಗಳೂರಿನಲ್ಲಿ ಮಾಡ್ಯುಲರ್ ಕಿಚನ್ ಕೂರಿಸುವ ಕೆಲಸದಲ್ಲಿದ್ದಾನೆ. ಮೊಮ್ಮಗಳು ಪಿಯುಸಿ ಸೈನ್ಸ್. ಇಬ್ಬರೂ ಉಳಿ ಹಿಡಿಯುವುದಿಲ್ಲ. ಹಿಡಿಯಬೇಕೆಂದು ಹೇಳುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ.

ಬಿಚ್ಚಿ ಜೋಡಿಸುವುದು ನಮಗೆ ಹೊಸತಲ್ಲ

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋದವರಿಗೆ ಗೊತ್ತು. ಬ್ಯಾಂಕ್ ನೌಕರಿಯಲ್ಲಿದ್ದ ವಿಜಯನಾಥ ಶೆಣೈ ಅವರು ಹಳೆಯ ಮನೆಗಳು ಒಂದೊಂದಾಗಿ ಉರುಳುವುದನ್ನು ನೋಡಲಾರದೆ, ಅವುಗಳನ್ನು ಬಿಚ್ಚಿಸಿ ತಂದು ಮತ್ತೆ ನಿಲ್ಲಿಸಿದ ಜಾಗ ಅದು. ನಮ್ಮ ಕುಂದಾಪುರದ ಕಡೆಯ ಹರ್ಕೂರು ಒಳಗಿನ ಮನೆಯೂ ಅಲ್ಲಿದೆ. ಒಂದು ಇಡೀ ಮನೆಯನ್ನು ಕಂಬ, ತೊಲೆ, ಪಕ್ಕಾಸು ಎಂದು ಬಿಚ್ಚಿ ಲಾರಿಯಲ್ಲಿ ತಂದು ಮತ್ತೆ ಕಟ್ಟಲು ಹೇಗೆ ಸಾಧ್ಯವಾಯಿತು? ಅವು ಮೊದಲೇ ಹಾಗೆ ಜೋಡಿಸಿದ ಮನೆಗಳಾಗಿದ್ದವು. ಇವತ್ತಿನ ಸಿಮೆಂಟ್ ಮನೆಯನ್ನು ಹಾಗೆ ಬಿಚ್ಚಲು ಹೋಗಿ ನೋಡಿ, ಕೈಗೆ ಬರುವುದು ಜಲ್ಲಿ.

ಆದರೆ ಮ್ಯೂಸಿಯಮ್ಮಿನಲ್ಲಿ ಮಕ್ಕಳು ಮುಟ್ಟುವಂತಿಲ್ಲ. ತೇರು ನಿಲ್ಲಿಸುವ ಶೆಡ್ಡಿಗೂ ಬೀಗ. ಕೊಡಿ ಹಬ್ಬದ ದಿನ ಕೋಟೇಶ್ವರದ ತೇರು ಎಳೆಯುವಾಗ ಹಗ್ಗ ಹಿಡಿಯಲು ಸಾವಿರ ಕೈ. ಮದುಮಕ್ಕಳು ಕಬ್ಬಿನ ಕೊಡಿ ಕೊಂಡು ಮನೆಗೆ ಹೋಗುತ್ತಾರೆ. ಗಾಲಿಯ ಅಡಿಗೆ ಮರದ ತುಂಡು ಕೊಟ್ಟು ತೇರನ್ನು ತಿರುಗಿಸುವ, ನಿಲ್ಲಿಸುವ ನಾಲ್ಕೈದು ಜನರನ್ನು ಯಾರೂ ನೋಡುವುದಿಲ್ಲ. ಅವರ ಕೈ ಒಂದು ಕ್ಷಣ ತಪ್ಪಿದರೆ ಏನಾಗುತ್ತದೆ ಎಂದು ಎಳೆಯುವವರಿಗೆ ಗೊತ್ತಿರುವುದಿಲ್ಲ. ನೋಡಲು ಕಲಿಸುವ ಒಂದು ಸಾಧನ ಬೇಕು. ಮಕ್ಕಳ ಕೈಗೆ ಸಿಗುವಷ್ಟು ಚಿಕ್ಕದು.

ಆಕ್ಷೇಪಗಳು ಬರುತ್ತವೆ

ದೇವರ ತೇರನ್ನು ಆಟದ ಸಾಮಾನು ಮಾಡುತ್ತೀರಾ ಎಂದು ಕೇಳುವವರಿದ್ದಾರೆ. ನಮ್ಮ ಹಳ್ಳಿಯ ಮಕ್ಕಳು ಮೊದಲಿನಿಂದಲೂ ತೇರಿನ ಆಟ ಆಡಿದವರೇ. ಬಾಳೆದಿಂಡು, ಹಾಳೆ, ತೆಂಗಿನ ಗರಿ, ಹಳೆ ಚಪ್ಪಲಿಯ ಗಾಲಿ. ಯಾವ ದೇವರೂ ಕೋಪ ಮಾಡಿಕೊಳ್ಳಲಿಲ್ಲ. ಆಡಿದ ಮಕ್ಕಳೇ ದೊಡ್ಡವರಾಗಿ ಹಗ್ಗ ಹಿಡಿದರು.

ಮೊಬೈಲಿನಲ್ಲೇ ಇಂಥ ಗೇಮ್ ಇವೆಯಲ್ಲ ಎನ್ನುವವರೂ ಇದ್ದಾರೆ. ಇವೆ. ಅದರಲ್ಲಿ ಮರ ಉಬ್ಬುವುದಿಲ್ಲ, ಕಾಲು ಲಟಕ್ಕೆನ್ನುವುದಿಲ್ಲ, ತಪ್ಪಾದರೆ ಒಂದು ಬಟನ್ ಒತ್ತಿ ಹಿಂದೆ ಹೋಗಬಹುದು. ಮರದಲ್ಲಿ ಹಾಗಿಲ್ಲ. ಉಜ್ಜಿದ್ದನ್ನು ಮತ್ತೆ ಬೆಳೆಸಲು ಆಗುವುದಿಲ್ಲ. ಈ ಎಚ್ಚರ ಬೆರಳಿಗೆ ಮರದಿಂದ ಮಾತ್ರ ಬರುತ್ತದೆ.

ಮೂರನೆಯ ಆಕ್ಷೇಪ ಗಂಭೀರದ್ದು. "ಬಡಗಿ ಕೆಲಸ ಬಿಟ್ಟು ನಮ್ಮ ಮಕ್ಕಳು ಮೇಲೆ ಬರಲಿ ಎಂದು ನಾವು ಒದ್ದಾಡುತ್ತಿದ್ದೇವೆ, ನೀವು ಮತ್ತೆ ಉಳಿ ಕೊಡುತ್ತೀರಾ?" ಎಂದು ಆ ಮನೆಗಳ ತಾಯಂದಿರು ಕೇಳಿದರೆ ಅದು ನ್ಯಾಯ. ಹುಟ್ಟಿದ ಮನೆ ನೋಡಿ ಕಸುಬು ಹಂಚುವ ಪದ್ಧತಿ ಹೋಗಬೇಕಾದದ್ದೇ. ಆದರೆ ಆ ಪದ್ಧತಿಯ ಜೊತೆಗೆ ವಿದ್ಯೆಯೂ ಹೋದರೆ ನಷ್ಟ ಎಲ್ಲರದು. ಹಾಗಾಗಿ ನನ್ನ ಮಾತು ಆಚಾರ್ರ ಮೊಮ್ಮಗಳಿಗೆ ಉಳಿ ಕೊಡಿ ಎಂದಲ್ಲ. ಮೊಗವೀರರ ಮಗಳಿಗೂ, ಕೊರಗರ ಮಗನಿಗೂ, ಬ್ಯಾರಿ ಮನೆಯ ಹುಡುಗನಿಗೂ, ಭಟ್ಟರ ಮಗಳಿಗೂ ಆ ಪೆಟ್ಟಿಗೆ ಕೊಡಿ ಎಂದು. ತೇರು ಎಳೆಯಲು ನೂರಾರು ಕೈ ಬೇಕು, ಕಟ್ಟುವ ಬುದ್ಧಿ ಮಾತ್ರ ನಾಲ್ಕಾರು ಮನೆಯಲ್ಲಿ ಇರಲಿ ಎಂದರೆ ಆ ನಾಲ್ಕು ಮನೆಯವರು ಕಸುಬು ಬಿಟ್ಟ ದಿನ ನಾವು ತೇರನ್ನು ಎಲ್ಲಿಂದ ತರುವುದು?

ಏನು ಮಾಡಬಹುದು

ಯಂತ್ರ ನಮ್ಮ ಹತ್ತಿರವೇ ಇದೆ. ಸನ್ಮಾನದ ಮೆಮೆಂಟೊ, ಮನೆಯ ನೇಮ್ ಪ್ಲೇಟ್ ಕತ್ತರಿಸುವ ಲೇಸರ್ ಯಂತ್ರದಲ್ಲೇ ಪಜಲಿನ ಹಾಳೆಯೂ ಆಗುತ್ತದೆ. ಸನ್ಮಾನಗಳು ನಮ್ಮಲ್ಲಿ ಕಡಿಮೆ ಏನಲ್ಲ, ಯಂತ್ರಕ್ಕೆ ಬರವಿಲ್ಲ. ಅಳತೆಯ ಎರಡು ಸೂಕ್ಷ್ಮ ಮಾತ್ರ ನೆನಪಿಡಬೇಕು. 3 ಮಿಲಿಮೀಟರ್ ಎಂದು ಕೊಂಡ ಪ್ಲೈವುಡ್ ನಿಜದಲ್ಲಿ ಅದಕ್ಕಿಂತ ತೆಳು ಇರಬಹುದು. ಲೇಸರ್ ಕತ್ತರಿಸುವಾಗ ಕೂದಲೆಳೆಯಷ್ಟು ಮರವನ್ನು ಸುಟ್ಟು ತಿನ್ನುತ್ತದೆ. ಹಾಗಾಗಿ ಅಂಗಡಿಯವರ ಮಾತು ನಂಬದೆ ಹಲಗೆಯನ್ನೇ ಅಳೆದು, ಮೊದಲು ಒಂದು ಚೂರು ಕತ್ತರಿಸಿ ನೋಡಿ, ಆಮೇಲೆ ಎಲ್ಲ ಹಾಳೆ ಕತ್ತರಿಸಬೇಕು. ಎಂಡಿಎಫ್ ಅಗ್ಗ, ಆದರೆ ನೀರು ಕಂಡರೆ ರೊಟ್ಟಿಯಂತೆ ಉಬ್ಬುತ್ತದೆ. ನಮ್ಮ ಊರಿಗೆ ಅದು ಬೇಡ.

ತೇರು ಕಟ್ಟುವವರ ಹತ್ತಿರ ಕೂತು ನಕ್ಷೆ ಮಾಡಬೇಕು. ನಿಜವಾದ ತೇರು ಏರುವ ಕ್ರಮದಲ್ಲೇ ಚೂರುಗಳೂ ಏರಬೇಕು. ಅಚ್ಚು ಮೊದಲು, ಕಲಶ ಕೊನೆಗೆ. ಎಲ್ಲ ಚೂರನ್ನು ಲೇಸರಿಗೆ ಬಿಡಬಾರದು. ಒಂದು ಸಂದು ಮಾತ್ರ ನಿಜವಾದ ಗಟ್ಟಿ ಮರದ್ದಿರಲಿ, ನಾಲಿಗೆ, ತೂತು, ಬೆಣೆ ಸಮೇತ. ಅದನ್ನು ಮಗು ಪುಟ್ಟ ಕೊಡತಿಯಿಂದ ಹೊಡೆದು ಬಿಗಿ ಮಾಡಬೇಕು. ಜೊತೆಗಿರುವ ಕಾಗದದಲ್ಲಿ ಭಾಗಗಳ ಹೆಸರು ನಮ್ಮ ಬಡಗಿಗಳು ಹೇಳುವ ಮಾತಿನಲ್ಲೇ ಇರಲಿ. ಮಳೆಗಾಲದಲ್ಲಿ ಏನು ಮಾಡಬೇಕು ಎಂಬ ಸಾಲೂ ಇರಲಿ. ಪೆಟ್ಟಿಗೆಯ ಮೇಲೆ ಮಾಡಿದವರ ಹೆಸರು ದಪ್ಪ ಅಕ್ಷರದಲ್ಲಿ, ದಾನಿಗಳ ಹೆಸರು ಸಣ್ಣದಾಗಿ.

ಇಡುವ ಜಾಗವೂ ಇದೆ. ಗ್ರಾಮ ಪಂಚಾಯತಿನ ಲೈಬ್ರರಿಗಳು ಈಗ ಅರಿವು ಕೇಂದ್ರಗಳಾಗಿವೆ. ಕೆಲವು ಕಡೆ ಚೆಸ್, ಕೇರಂ ಬಂದಿದೆ, ಕಂಪ್ಯೂಟರ್ ಬಂದಿದೆ. ಅಲ್ಲಿ ತೇರಿನ ಎರಡು ಪೆಟ್ಟಿಗೆ ಇಡಲು ದೊಡ್ಡ ಯೋಜನೆ ಬೇಕಿಲ್ಲ, ಸಾಮಾನ್ಯ ಸಭೆಯಲ್ಲಿ ಒಬ್ಬ ಸದಸ್ಯರು ಬಾಯಿ ಬಿಟ್ಟರೆ ಸಾಕು. ಅಂಟು ಹಾಕದೆ ಜೋಡಿಸುವಂತಿದ್ದರೆ ಒಂದೇ ಪೆಟ್ಟಿಗೆಯನ್ನು ಬಿಚ್ಚಿ, ಜೋಡಿಸಿ, ಊರಿನ ಎಲ್ಲ ಮಕ್ಕಳೂ ಬಳಸಬಹುದು. ಮನೆಗೆ ಕೊಂಡ ಐಫೆಲ್ ಟವರ್ ಒಮ್ಮೆ ಜೋಡಿಸಿದ ಮೇಲೆ ಧೂಳು ಹಿಡಿಯುತ್ತದೆ. ಇದು ಹಾಗಾಗಬಾರದು.

ಶಾಲೆಯಲ್ಲಿ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ಕ್ಲಾಸಿನ ಮಕ್ಕಳು ಹತ್ತು ದಿನ ಬ್ಯಾಗ್ ಬಿಟ್ಟು ಊರಿನ ಬಡಗಿ, ಕುಂಬಾರ, ಕಲಾವಿದರ ಹತ್ತಿರ ಕಲಿಯಲಿ ಎಂದು ಬರೆದಿದೆ. ಆ ನೀತಿ ಬೇಕೋ ಬೇಡವೋ ಎಂಬ ಜಗಳ ರಾಜಧಾನಿಯಲ್ಲಿ ನಡೆಯಲಿ. ಬಡಗಿಯಿಂದ ಕಲಿಯಬಾರದು ಎಂದು ಯಾವ ಪಕ್ಷವೂ ಹೇಳಿಲ್ಲ. ಊರಿನ ಒಬ್ಬ ಹಿರಿಯ ಆಚಾರ್ರನ್ನು ಎರಡು ಮಧ್ಯಾಹ್ನ ಶಾಲೆಗೆ ಕರೆಯಿರಿ. ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಬೇಡಿ. ಅವರು ಕೆಲಸಕ್ಕೆ ಹೋಗಿದ್ದರೆ ಸಿಗುತ್ತಿದ್ದ ದಿನದ ಸಂಬಳ ಕೊಡಿ. ಮೇಷ್ಟ್ರಿಗೆ ಸಂಬಳ, ಬಡಗಿಗೆ ಶಾಲು ಎಂಬ ಲೆಕ್ಕ ಮಕ್ಕಳಿಗೂ ಅರ್ಥವಾಗುತ್ತದೆ. ಯಾವ ವಿದ್ಯೆಗೆ ಬೆಲೆ ಇದೆ, ಯಾವುದಕ್ಕೆ ಬರೀ ಚಪ್ಪಾಳೆ ಎಂದು ಅವರು ಆಗಲೇ ಕಲಿತುಬಿಡುತ್ತಾರೆ.

ಮಾಡುವವರಿಗೂ ದಾರಿ ಮುಚ್ಚಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಬಡಗಿಗಳೂ ಇದ್ದಾರೆ, ದೋಣಿ ಕಟ್ಟುವವರೂ ಇದ್ದಾರೆ, ಗೊಂಬೆ ಮತ್ತು ಆಟಿಕೆ ಮಾಡುವವರೂ ಇದ್ದಾರೆ. ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ ಇದೆ. ಒಂದು ಎಚ್ಚರ. ಮಕ್ಕಳ ಆಟಿಕೆಯನ್ನು ಮಾರಲು 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆದರೆ ಕೇಂದ್ರದ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿದ ವಸ್ತುಗಳಿಗೆ, ಚನ್ನಪಟ್ಟಣದ ಗೊಂಬೆಯಂತೆ ಜಿಐ ಗುರುತು ಇರುವವುಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಹಾಗಾಗಿ ಮಾರುವ ಯೋಚನೆ ಇರುವವರು ಮೊದಲು ಆ ನೋಂದಣಿ ಕಾರ್ಡು ಮಾಡಿಸಿಕೊಳ್ಳುವುದು ಒಳ್ಳೆಯದು. ಗ್ರಾಮ ಪಂಚಾಯತಿನಲ್ಲಿ ಇದಕ್ಕೆ ಸಹಾಯ ಮಾಡಬಲ್ಲ ಒಬ್ಬರಾದರೂ ಇರುತ್ತಾರೆ, ಕೇಳಬೇಕು.

ಗಿರಾಕಿ ಯಾರು ಎಂದು ಕೇಳಿದರೆ, ಆನೆಗುಡ್ಡೆಯ ಮೆಟ್ಟಿಲ ಬುಡದಲ್ಲಿ ಒಂದು ಭಾನುವಾರ ನಿಂತು ನೋಡಿ. ಹೊರಗಿನಿಂದ ಬಂದವರು ಮಕ್ಕಳಿಗೆ ಏನಾದರೂ ಕೊಡಿಸದೆ ಕಾರು ಹತ್ತುವುದಿಲ್ಲ. ಈಗ ಅವರು ಕೊಂಡುಹೋಗುವುದು ಪ್ಲಾಸ್ಟಿಕ್ ಬಂದೂಕು, ಗುಳ್ಳೆ ಊದುವ ಡಬ್ಬಿ. ಕುಂಭಾಶಿಯಿಂದ ಕುಂಭಾಶಿಯದ್ದೇ ಆದ ಒಂದು ವಸ್ತು ಒಯ್ಯಲಿ ಎಂದರೆ ಕೊಡಲು ನಮ್ಮ ಹತ್ತಿರ ಪಂಚಕಜ್ಜಾಯ ಬಿಟ್ಟು ಬೇರೇನಿದೆ?

ಒಂದು ಪಜಲಿನಿಂದ ತೇರು ಕಟ್ಟುವವರು ಹುಟ್ಟುವುದಿಲ್ಲ, ಅದು ನನಗೂ ಗೊತ್ತು. ನೂರು ಮಕ್ಕಳಲ್ಲಿ ತೊಂಬತ್ತೊಂಬತ್ತು ಜನ ಜೋಡಿಸಿ ಮರೆಯುತ್ತಾರೆ. ಆದರೂ ಮುಂದಿನ ಕೊಡಿ ಹಬ್ಬದಲ್ಲಿ ಅವರು ತೇರಿನ ಗೋಳವನ್ನಷ್ಟೇ ನೋಡದೆ ಬಗ್ಗಿ ಅಚ್ಚನ್ನೂ ನೋಡುತ್ತಾರೆ. ಉಳಿದ ಒಬ್ಬಳು, ಯಾರ ಮನೆಯ ಹುಡುಗಿಯೋ, ನಾಳೆ ಕೋಟೇಶ್ವರದ ಶೆಡ್ಡಿಗೆ ಹೋಗಿ ಇದನ್ನು ಕಲಿಸುತ್ತೀರಾ ಎಂದು ಕೇಳಬಹುದು. ಆಗ ಹೇಳಿಕೊಡುವ ಕೈ ಅಲ್ಲಿ ಇರಬೇಕು. ಇವತ್ತು ಆ ಕೈಗಳಿಗೆ ವಯಸ್ಸಾಗುತ್ತಿದೆ.

ನಿಮ್ಮ ಪಂಚಾಯತಿನ ಮುಂದಿನ ಗ್ರಾಮಸಭೆ ಯಾವಾಗ ಎಂದು ಕೇಳಿಟ್ಟುಕೊಳ್ಳಿ. ರಸ್ತೆ, ನೀರು, ದಾರಿದೀಪದ ಜೊತೆಗೆ ಅರಿವು ಕೇಂದ್ರಕ್ಕೆ ಒಂದು ತೇರು ಎಂಬ ಬೇಡಿಕೆಯನ್ನೂ ಪುಸ್ತಕದಲ್ಲಿ ಬರೆಸಿ. ನಕ್ಷೆ ಮಾಡಲು, ಹಲಗೆ ಅಳೆಯಲು, ಆಚಾರ್ರ ಮನೆಗೆ ಹೋಗಿ ಮಾತಾಡಲು ಮನಸ್ಸಿರುವವರು ನಿಮ್ಮ ಊರಿನಲ್ಲೇ ಸಿಗುತ್ತಾರೆ. ಮಳೆಗಾಲ ಹಿಡಿಯುವ ಮೊದಲು ಶುರು ಮಾಡಿದರೆ ಒಳ್ಳೆಯದು. ಆಮೇಲೆ ಮರ ಉಬ್ಬುತ್ತದೆ.